ಮನೆಯಲ್ಲೇ ಪೋಲ್ ಡಾನ್ಸ್: ಏರುವ ಮೊದಲು ಇಳಿಯಲು ಕಲಿಯಿರಿ

ಪೋಲ್ ಡಾನ್ಸ್ ಕಲಿಯಬೇಕೆಂಬ ಆಸೆ ಹೆಚ್ಚಿನವರಿಗೆ ಹುಟ್ಟುವುದು ಕಂಬದ ಮೇಲೆ ತಲೆಕೆಳಗಾಗಿ ತೂಗುವವರ ವಿಡಿಯೊ ನೋಡಿ. ಕಂಬ ಮನೆಗೆ ಬಂದ ವಾರದಲ್ಲೇ ಅದೇ ಭಂಗಿಗೆ ಕೈ ಹಾಕುವವರೂ ಉಂಟು. ಸ್ಟುಡಿಯೊದಲ್ಲಾದರೆ ಕಲಿಸುವವರು ತಡೆಯುತ್ತಾರೆ, ಮನೆಯಲ್ಲಿ ತಡೆಯುವವರಿಲ್ಲ. ಆದ್ದರಿಂದ ಮನೆಯಲ್ಲಿ ಕಲಿಯುವವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಳ್ಳಬೇಕು: ಎಷ್ಟು ಎತ್ತರದಿಂದ ನಿಧಾನವಾಗಿ, ಸದ್ದಿಲ್ಲದೆ ಇಳಿಯಲು ಬರುತ್ತದೋ ಅಷ್ಟೇ ಎತ್ತರಕ್ಕೆ ಏರಬೇಕು. ಈ ಒಂದನ್ನು ಪಾಲಿಸಿದರೆ ಮನೆಯಲ್ಲಿ ಕಲಿಯುವುದರಲ್ಲಿ ಹೆದರುವಂಥದ್ದು ಬಹಳವಿಲ್ಲ. ಬೆಂಗಳೂರು, ಮುಂಬೈಯಲ್ಲಿ ತರಗತಿಗಳಿವೆ. ಹಾಸನದಲ್ಲೋ ದಾವಣಗೆರೆಯಲ್ಲೋ ಇರುವವರು ಹತ್ತಿರ ತರಗತಿ ಇಲ್ಲವೆಂದು ಆಸೆ ಬಿಡಬೇಕಿಲ್ಲ.

ಇನ್ನೊಂದು ಮಾತು ಆಗಾಗ ಕೇಳಿಬರುತ್ತದೆ: "ಮೊದಲು ಸ್ವಲ್ಪ ತೂಕ ಇಳಿಸಿ, ಜಿಮ್ಮಿಗೆ ಹೋಗಿ ಬಲ ಬರಿಸಿಕೊಂಡು ಆಮೇಲೆ ಶುರು ಮಾಡ್ತೀನಿ." ಹೀಗೆ ಕಾಯುವ ಅಗತ್ಯವಿಲ್ಲ. ಕಂಬಕ್ಕೆ ಬೇಕಾದ ಬಲವನ್ನು ಕಂಬವೇ ಕೊಡುತ್ತದೆ. ಅಂಗೈ ಬಿಗಿ, ಮುಂಗೈ, ಪಕ್ಕೆ, ಹೊಟ್ಟೆಯ ಆಳದ ಸ್ನಾಯುಗಳು ಅದರ ಮೇಲೆ ದುಡಿದಂತೆ ಜಿಮ್ಮಿನ ಯಂತ್ರಗಳಲ್ಲಿ ದುಡಿಯುವುದಿಲ್ಲ. ವಯಸ್ಸು ನಲವತ್ತು ದಾಟಿದವರು, ದಪ್ಪಗಿರುವವರು, ಗಂಡಸರು ಎಲ್ಲರೂ ಕಲಿಯುತ್ತಿದ್ದಾರೆ. ನೋಡಿಕೊಳ್ಳಬೇಕಾದ್ದು ಕಂಬ ಎಷ್ಟು ಭಾರ ತಡೆಯುತ್ತದೆ ಎಂದು ತಯಾರಕರು ಬರೆದಿರುವುದನ್ನು. ಅಧಿಕ ರಕ್ತದೊತ್ತಡ, ಗ್ಲಾಕೋಮಾ ಇರುವವರು, ಬೆನ್ನು ಅಥವಾ ಭುಜಕ್ಕೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಗರ್ಭಿಣಿಯರು ಹೊಸದಾಗಿ ಶುರು ಮಾಡುವುದು ಬೇಡ.

ಕೋಣೆ ಮತ್ತು ಕಂಬ

ನಮ್ಮ ಮನೆಗಳಲ್ಲಿ ಮೊದಲು ಅಡ್ಡ ಬರುವುದು ಫ್ಯಾನು. ಕಂಬ ನಿಲ್ಲಿಸಲು ಒಳ್ಳೆಯ ಜಾಗ ಕೋಣೆಯ ನಟ್ಟನಡುವೆ, ಅಲ್ಲೇ ಫ್ಯಾನು ತೂಗುತ್ತಿರುತ್ತದೆ. ಸಾಮಾನ್ಯ ಫ್ಯಾನಿನ ರೆಕ್ಕೆಗಳು ಸುತ್ತುವ ವೃತ್ತದ ಅಗಲ 1200 ಮಿ.ಮೀ., ಅಂದರೆ ನಾಲ್ಕು ಅಡಿ. ಕಂಬದ ಸುತ್ತ ಎಲ್ಲ ಕಡೆಗೂ ಐದು ಅಡಿಯಷ್ಟು ಖಾಲಿ ಜಾಗ ಇರಬೇಕು. ಅಳೆಯುವುದು ಸುಲಭ. ಕಂಬ ನಿಲ್ಲಿಸುವ ಕಡೆ ನೆಲದ ಮೇಲೆ ಒಬ್ಬರು ಐದಡಿ ದಾರದ ಒಂದು ತುದಿ ಒತ್ತಿ ಹಿಡಿಯಲಿ, ನೀವು ಇನ್ನೊಂದು ತುದಿ ಹಿಡಿದು ಒಂದು ಸುತ್ತು ಬನ್ನಿ. ದಾರ ಮಂಚದ ಕಾಲಿಗೆ, ಟಿ.ವಿ. ಸ್ಟ್ಯಾಂಡಿಗೆ, ಕಪಾಟಿನ ಮೂಲೆಗೆ ತಗುಲಿದರೆ ಅವು ಜಾಗ ಬದಲಿಸಬೇಕು. ಆಮೇಲೆ ಅದೇ ವೃತ್ತವನ್ನು ತಲೆಯೆತ್ತಿ ಛಾವಣಿಯಲ್ಲಿ ನೋಡಿ. ಫ್ಯಾನು ಅದರೊಳಗೆ ಬಂದರೆ ಸ್ವಿಚ್ ಆರಿಸಿದರೆ ಸಾಕು ಎಂದುಕೊಳ್ಳಬೇಡಿ. ನಿಂತ ರೆಕ್ಕೆಗೆ ಬೀಸಿದ ಕಾಲು ಬಡಿದರೂ ಪೆಟ್ಟು ಜೋರಾಗಿಯೇ ಇರುತ್ತದೆ. ಅದನ್ನು ಬಿಚ್ಚಿಸಿ ಗೋಡೆಗೆ ಫ್ಯಾನು ಹಾಕಿಸುವುದೇ ಸರಿ.

ಎರಡನೆಯದು ಛಾವಣಿ. ಬಾಡಿಗೆ ಮನೆಯವರಿಗೆ ಒಗ್ಗುವುದು ಒತ್ತಡದಲ್ಲಿ ನಿಲ್ಲುವ ಕಂಬ. ನೆಲಕ್ಕೂ ಛಾವಣಿಗೂ ನಡುವೆ ತಿರುಗಿಸಿ ಬಿಗಿ ಮಾಡುವಂಥದ್ದು ಅದು, ರಂಧ್ರ ಕೊರೆಯುವ ಕೆಲಸವಿಲ್ಲ. ಆದರೆ ಮೇಲೆ ಗಟ್ಟಿ ಆರ್‌ಸಿಸಿ ಸ್ಲ್ಯಾಬ್ ಇರಲೇಬೇಕು. ಪಿಒಪಿ ಅಥವಾ ಜಿಪ್ಸಮ್ ಹಲಗೆಯ ಸೀಲಿಂಗ್ ಸ್ಲ್ಯಾಬಿನ ಕೆಳಗೆ ತೂಗುಬಿಟ್ಟ ಅಲಂಕಾರ ಮಾತ್ರ, ಅದು ಯಾರ ಭಾರವನ್ನೂ ಹೊರುವುದಿಲ್ಲ. ಕೋಲಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಅಲ್ಲಿ ಕಂಬ ಬೇಡ. ಹೆಂಚಿನ ಮನೆ, ಶೀಟಿನ ಮನೆಗಳಲ್ಲೂ ಒತ್ತಡದ ಕಂಬ ನಿಲ್ಲದು. ಅಲ್ಲಿ ಅಗಲವಾದ ಉಕ್ಕಿನ ತಳದ ಮೇಲೆ ತಾನೇ ನಿಲ್ಲುವ ಸ್ಟೇಜ್ ಪೋಲ್ ಒಂದೇ ದಾರಿ. ಬೆಲೆ ಹೆಚ್ಚು, ಜಾಗವೂ ಹೆಚ್ಚು ಬೇಕು. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರ ಮನೆಗಳ ಕಥೆ ಬೇರೆ. ಅಲ್ಲಿ ಮರದ ತೊಲೆಗಳ ಕೆಳಗೆ ಜಿಪ್ಸಮ್ ಹಲಗೆ ಬಡಿದಿರುತ್ತಾರೆ, ಕಂಬದ ತಲೆ ಸರಿಯಾಗಿ ತೊಲೆಯ ಕೆಳಗೇ ಬರುವಂತೆ ಹುಡುಕಿ ನಿಲ್ಲಿಸಬೇಕಾಗುತ್ತದೆ. ಸ್ಲ್ಯಾಬ್ ಕೊರೆದು ಶಾಶ್ವತವಾಗಿ ಕೂರಿಸುವುದಾದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಮ್ಮಲ್ಲಿ ವೈರಿಂಗ್ ಪೈಪು ಸ್ಲ್ಯಾಬಿನ ಒಳಗೇ ಹಾದುಹೋಗಿರುತ್ತದೆ.

ಆರ್ಡರ್ ಮಾಡುವ ಮೊದಲು ನೆಲದಿಂದ ಸ್ಲ್ಯಾಬಿನವರೆಗೆ ಟೇಪು ಹಿಡಿದು ಅಳೆಯಿರಿ. ಹೆಸರಾಂತ ಕಂಪನಿಗಳ ಕಿಟ್ ಸಾಮಾನ್ಯವಾಗಿ ಸುಮಾರು 2.2 ಮೀಟರಿನಿಂದ 2.75 ಮೀಟರ್ ಎತ್ತರಕ್ಕೆ, ಎಂದರೆ ಏಳೂಕಾಲು ಅಡಿಯಿಂದ ಒಂಬತ್ತು ಅಡಿಗೆ ಹೊಂದುತ್ತದೆ. ನಮ್ಮಲ್ಲಿ ಹತ್ತಡಿ ಎತ್ತರದ ಕೋಣೆಗಳೇ ಹೆಚ್ಚಾದ್ದರಿಂದ ಎಕ್ಸ್‌ಟೆನ್ಷನ್ ತುಂಡನ್ನೂ ಜೊತೆಗೇ ತರಿಸಬೇಕಾಗುತ್ತದೆ. ದಪ್ಪದ ಬಗ್ಗೆ ಬಹಳ ತಲೆಕೆಡಿಸಿಕೊಳ್ಳಬೇಡಿ, 45 ಮಿ.ಮೀ. ತೆಗೆದುಕೊಳ್ಳಿ. ಸ್ಪರ್ಧೆಗಳಲ್ಲೂ ಹೆಚ್ಚಿನ ಸ್ಟುಡಿಯೊಗಳಲ್ಲೂ ಈಗ ಅದೇ ಅಳತೆ, ಮುಂದೆ ಬೇರೆಡೆ ಅಭ್ಯಾಸ ಮಾಡುವಾಗ ಕೈಗೆ ಹೊಸದೆನಿಸುವುದಿಲ್ಲ. ಅಂಗೈ ತೀರಾ ಚಿಕ್ಕದಿದ್ದವರಿಗೆ 40 ಅಥವಾ 42 ಮಿ.ಮೀ. ಹಿತವಾಗಬಹುದು.

ಲೋಹದ ಆಯ್ಕೆ ಮಾತ್ರ ಯೋಚಿಸಿ ಮಾಡುವಂಥದ್ದು. ಕ್ರೋಮ್ ಲೇಪದ ಕಂಬ ಎಲ್ಲೆಡೆ ಸಿಗುತ್ತದೆ, ಆದರೆ ಆ ಲೇಪದ ಅಡಿಯಲ್ಲಿ ಸಾಮಾನ್ಯವಾಗಿ ನಿಕ್ಕೆಲ್ ಇರುತ್ತದೆ. ಗಿಲೀಟಿನ ಓಲೆ, ಸರ ಹಾಕಿದರೆ ಕಿವಿ, ಕುತ್ತಿಗೆ ತುರಿಸುವವರಿಗೆ ಒಳತೊಡೆಯೂ ತುರಿಸಬಹುದು. ಅಂಥವರಿಗೆ ಸ್ಟೇನ್‌ಲೆಸ್ ಸ್ಟೀಲ್ ವಾಸಿ. ಹಿತ್ತಾಳೆಯ ಕಂಬ ಸೆಕೆ, ಬೆವರಿನ ಊರಿಗೆ ಹೇಳಿ ಮಾಡಿಸಿದ್ದು, ಕ್ರೋಮ್‌ಗಿಂತ ಚೆನ್ನಾಗಿ ಹಿಡಿತ ಕೊಡುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಅದನ್ನು ಪರಿಗಣಿಸಬೇಕು. ಅಲಂಕಾರಕ್ಕೆಂದು ಅಗ್ಗಕ್ಕೆ ಮಾರುವ ಕಂಬಗಳನ್ನು ಮುಟ್ಟಬೇಡಿ. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಕತ್ತರಿಸಿ ಮಾಡಿಸಿಕೊಳ್ಳುವ ಯೋಚನೆಯೂ ಬೇಡ. ಸುತ್ತುವ ದೇಹದ ಸೆಳೆತವನ್ನು ಆ ಬೆಸುಗೆ ತಡೆಯುತ್ತದೋ ಇಲ್ಲವೋ ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ.

ಕಂಬ ನಿಲ್ಲಿಸಿದ ಮೇಲೆ ಮೇಸ್ತ್ರಿಗಳು ಬಳಸುವ ರಸಮಟ್ಟವನ್ನು ಎರಡು ಪಕ್ಕಗಳಿಗೆ ಹಿಡಿದು ನೆಟ್ಟಗಿದೆಯೇ ನೋಡಿ. ಪ್ರತಿ ದಿನ ಅಭ್ಯಾಸಕ್ಕೆ ಮೊದಲು ಎರಡೂ ಕೈಯಲ್ಲಿ ಹಿಡಿದು, ಕಾಲು ನೆಲದಲ್ಲೇ ಇಟ್ಟು, ಮೈಭಾರವನ್ನು ನಾಲ್ಕೂ ದಿಕ್ಕಿಗೆ ಎಳೆಯಿರಿ. ತಲೆಯೆತ್ತಿ, ಛಾವಣಿಗೆ ಒತ್ತಿ ನಿಂತ ಕಂಬದ ಮೇಲ್ತುದಿಯ ಬಟ್ಟಲು ಜರುಗಿದೆಯೇ ನೋಡಿ. ಬಳಸುತ್ತ ಬಳಸುತ್ತ ಒತ್ತಡದ ಕಂಬ ಸಡಿಲವಾಗುವುದು ಸಹಜ, ಅದನ್ನು ಗಮನಿಸದಿರುವುದು ಅಪಾಯ.

ಚರ್ಮವೇ ಹಿಡಿತ

ಕಂಬದ ಮೇಲೆ ನಿಮ್ಮನ್ನು ನಿಲ್ಲಿಸುವುದು ತೋಳಿನ ಬಲದಷ್ಟೇ ಚರ್ಮ. ಬಟ್ಟೆ ಜಾರುತ್ತದೆ, ಚರ್ಮ ಹಿಡಿಯುತ್ತದೆ. ಚಿಕ್ಕ ಚಡ್ಡಿ, ತೋಳಿಲ್ಲದ ಅಂಗಿ ಹಾಕುವುದಕ್ಕೆ ಕಾರಣ ಅಷ್ಟೇ. ಮೊದಲ ವಾರಗಳಲ್ಲಿ ನೆಲದ ಮೇಲಿನ ನಡಿಗೆ, ಸುತ್ತುಗಳಿಗೆ ಮಂಡಿಯವರೆಗಿನ ಉಡುಪೂ ಸಾಕು. ತೊಡೆಯಿಂದ ಹಿಡಿಯುವ ಭಂಗಿಗಳಿಗೆ ಮಾತ್ರ ತೊಡೆ ತೆರೆದಿರಬೇಕು.

ಎಣ್ಣೆಸ್ನಾನದ ದಿನ ಅಭ್ಯಾಸ ಬೇಡವೇ ಬೇಡ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಚರ್ಮದಲ್ಲಿ ಜಿಡ್ಡು ಉಳಿದಿರುತ್ತದೆ. ಬಾಡಿ ಲೋಷನ್, ಸನ್‌ಸ್ಕ್ರೀನ್, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕತ್ತಿಗಿಳಿದದ್ದು ಎಲ್ಲವೂ ಕಂಬಕ್ಕೆ ಅಂಟಿ ಮರುದಿನ ಜಾರಿಸುತ್ತವೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟನ್ನು ಮೆತ್ತನೆಯ ಬಟ್ಟೆಗೆ ಹಾಕಿ ಅಭ್ಯಾಸದ ಮೊದಲೂ ನಡುವೆಯೂ ಒರೆಸಿ. ಅದು ಬೇಗ ಬೆಂಕಿ ಹಿಡಿಯುವ ವಸ್ತು, ಆ ಕೋಣೆಯಲ್ಲಿ ದೀಪ, ಊದುಬತ್ತಿ ಉರಿಯುತ್ತಿರಬಾರದು. ಕೈ ಬೆವರುವವರಿಗೆ ಲಿಕ್ವಿಡ್ ಚಾಕ್ ಸಿಗುತ್ತದೆ, ಜಿಮ್ನಾಸ್ಟಿಕ್ಸ್ ಮಾಡುವವರು, ಬಂಡೆ ಹತ್ತುವವರು ಬಳಸುವುದೂ ಅದನ್ನೇ. ಕರಾವಳಿಯವರು ಮೇ ತಿಂಗಳಲ್ಲಿ ಬೆಳಗಿನ ಜಾವ ಅಭ್ಯಾಸ ಮಾಡುವುದು ಲೇಸು. ಬೆಂಗಳೂರಿನ ಡಿಸೆಂಬರಿನಲ್ಲಿ ತೊಂದರೆ ತದ್ವಿರುದ್ಧ: ಒಣ ಚರ್ಮ, ತಣ್ಣನೆಯ ಲೋಹ, ಹಿಡಿದರೂ ನಿಲ್ಲುವುದಿಲ್ಲ. ಆಗ ಮೈ ಚೆನ್ನಾಗಿ ಬಿಸಿ ಮಾಡಿಕೊಂಡು, ಬಟ್ಟೆಯಿಂದ ಕಂಬವನ್ನು ಮೇಲಿಂದ ಕೆಳಗೆ ಜೋರಾಗಿ ಉಜ್ಜಿ ಶುರು ಮಾಡಿ.

ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದಿಡಬೇಕು. ಕರಿಮಣಿ, ತಾಳಿ, ಕಾಲುಂಗುರ ತೆಗೆಯಲು ಹಲವರಿಗೆ ಮನಸ್ಸಾಗುವುದಿಲ್ಲ. ಆ ಭಾವನೆ ನನಗೆ ಅರ್ಥವಾಗುತ್ತದೆ, ಆದರೂ ತೆಗೆಯಿರಿ ಎಂದೇ ಹೇಳುತ್ತೇನೆ. ಸುತ್ತುವಾಗ ಕೊರಳ ಸರ ಕೈಗೆ ಸಿಕ್ಕಿಕೊಂಡರೆ ಕುತ್ತಿಗೆಗೇ ಕುತ್ತು. ಏರುವಾಗ ಪಾದ ಕಂಬಕ್ಕೆ ಒತ್ತಿದ ಕ್ಷಣ ಕಾಲುಂಗುರ ಬೆರಳಿಗೆ ಕಚ್ಚುತ್ತದೆ, ಕಂಬದ ಮೇಲೂ ಗೀರು ಬೀಳುತ್ತದೆ. ಆ ಗೀರು ಮುಂದೆ ಚರ್ಮ ಕೊಯ್ಯುತ್ತದೆ.

ಎಲ್ಲಿಂದ ಬಂತು ಈ ಕಲೆ

ಮನೆಯವರು ಕೇಳಿದರೆ ಮುಚ್ಚಿಡಬೇಕಾದ್ದೇನೂ ಇಲ್ಲ. ಇಂದಿನ ಪೋಲ್ ಡಾನ್ಸ್ ಬೆಳೆದದ್ದು ಉತ್ತರ ಅಮೆರಿಕದ ನೈಟ್ ಕ್ಲಬ್ಬುಗಳಲ್ಲಿ, ಅಲ್ಲಿ ಹೊಟ್ಟೆಪಾಡಿಗೆ ಕುಣಿಯುತ್ತಿದ್ದ ಹೆಂಗಸರ ಮೈಯಲ್ಲಿ. ನಾವು ಕಲಿಯುವ ಸುತ್ತು, ಹಿಡಿತಗಳಲ್ಲಿ ಬಹುಪಾಲು ಅವರು ಕಂಡುಕೊಂಡವು, ಆ ಋಣವನ್ನು ಒಪ್ಪಿಕೊಳ್ಳುವುದು ಮರ್ಯಾದೆ. 1990ರ ದಶಕದಲ್ಲಿ ಕೆನಡಾದ ಫಾನಿಯಾ ಮಾಂಡೆಯಂಥವರು ಕ್ಲಬ್ಬಿನ ಹೊರಗಿನ ಹೆಂಗಸರಿಗೂ ಕಲಿಸತೊಡಗಿದರು. 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಫೆಡರೇಷನ್ ಹುಟ್ಟಿತು, 2012ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. 'ಗೂಗ್ಲಿ'ಯ ನಾಯಕಿ ಕೃತಿ ಖರಬಂದ ತಮ್ಮ ಅಭ್ಯಾಸದ ವಿಡಿಯೊ ಹಂಚಿಕೊಂಡಾಗ ಕನ್ನಡದ ಸಿನಿಮಾ ಪ್ರಿಯರಲ್ಲೂ ಇದರ ಮಾತು ಬಂತು.

"ಇದು ನಮ್ಮ ಮಲ್ಲಕಂಬವೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ಮಲ್ಲಕಂಬ ಹಳೆಯದು. ಅದರ ಅತಿ ಹಳೆಯ ಉಲ್ಲೇಖವೆಂದು ಹೇಳುವುದು ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ'ವನ್ನು. ಅದನ್ನು ಬರೆಸಿದವನು ಕಲ್ಯಾಣದಿಂದ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಆಮೇಲೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೇಶ್ವೆ ಎರಡನೆಯ ಬಾಜಿರಾಯನ ಗುರು ಬಾಳಂಭಟ್ಟ ದಾದಾ ದೇವಧರ್ ಅದಕ್ಕೆ ಮರುಜೀವ ಕೊಟ್ಟರು. ಆದರೆ ಕೆಲಸದ ರೀತಿ ಬೇರೆ. ಅದು ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣಗಾಗುವ ಮರದ ಕಂಬ, ಹರಳೆಣ್ಣೆ ಸವರಿ ಏರುತ್ತಾರೆ, ತೊಡೆ ತೋಳುಗಳ ಅಪ್ಪುಗೆಯಿಂದ ನಿಲ್ಲುತ್ತಾರೆ. ಇಲ್ಲಿ ತೆಳ್ಳನೆಯ ಲೋಹ, ಎಣ್ಣೆ ಸೋಕಿದರೆ ಮುಗಿಯಿತು. ಮನೆಯವರ ಬಾಯಿ ಮುಚ್ಚಿಸಲು "ಮಲ್ಲಕಂಬ ಕಲಿಯುತ್ತಿದ್ದೇನೆ" ಎನ್ನುವುದರ ಬದಲು ಇದ್ದದ್ದನ್ನೇ ಹೇಳಿ, ಕಂಬ ಹಿಡಿಸಿ, ಒಮ್ಮೆ ನೆಲದಿಂದ ಕಾಲೆತ್ತಿ ನೋಡಲು ಹೇಳಿ. ಎಷ್ಟು ಕಷ್ಟ ಎಂದು ಕೈಗೆ ತಿಳಿದವರು ಕುಹಕ ಆಡುವುದಿಲ್ಲ.

ಮೊದಲ ತಿಂಗಳುಗಳು

ಕಂಬವನ್ನು ಸುತ್ತದಂತೆ ಲಾಕ್ ಮಾಡಿ, ಸ್ಥಿರವಾಗಿಟ್ಟು ಕಲಿಯಿರಿ. ತಾನೇ ಸುತ್ತುವ ಸ್ಪಿನ್ ವಿಧಾನ ಆಮೇಲೆ. ಅದರಲ್ಲಿ ಕೈಕಾಲು ಒಳಗೆ ಎಳೆದುಕೊಂಡರೆ ವೇಗ ಏರುತ್ತದೆ, ಹರಡಿದರೆ ಇಳಿಯುತ್ತದೆ. ಗೊತ್ತಿಲ್ಲದೆ ಮುದುಡಿಕೊಂಡವರು ಹೆದರಿ ಇನ್ನಷ್ಟು ಮುದುಡುತ್ತಾರೆ, ವೇಗ ಇನ್ನಷ್ಟು ಏರುತ್ತದೆ.

ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳದೆ ಕಂಬ ಮುಟ್ಟಬೇಡಿ. ಸೂರ್ಯನಮಸ್ಕಾರ ಬಲ್ಲವರಿಗೆ ಅದೇ ಸಾಕಷ್ಟಾಯಿತು, ಅದರ ಜೊತೆಗೆ ಮಣಿಕಟ್ಟು ಮತ್ತು ಭುಜ ತಿರುಗಿಸುವುದನ್ನು ಸೇರಿಸಿ. ಆಮೇಲೆ ನಡಿಗೆ. ಒಂದು ಕೈಯಲ್ಲಿ ಕಂಬ ಹಿಡಿದು, ಅದರಿಂದ ದೂರ ವಾಲಿ, ಪಾದದ ಮುಂಗಾಲ ಮೇಲೆ ಸುತ್ತ ನಡೆಯುವುದು. ಇದನ್ನು ಹಗುರವಾಗಿ ಕಾಣಬೇಡಿ. ಮೈಭಾರವನ್ನು ಕೈಗೆ ಒಪ್ಪಿಸುವುದು ಹೇಗೆಂದು ದೇಹ ಕಲಿಯುವುದೇ ಇಲ್ಲಿ.

ಈಗ ಭುಜದ ಮಾತು. ಹೆಚ್ಚಿನ ಗಾಯಗಳು ಇಲ್ಲೇ ಆಗುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಕೈ ಮೇಲೆತ್ತಿ ಕಂಬ ಹಿಡಿದು ಮಂಡಿ ಬಗ್ಗಿಸಿ ಸ್ವಲ್ಪ ಭಾರ ಬಿಡಿ. ಭುಜ ಕಿವಿಯ ಹತ್ತಿರ ಬಂದು ಕುತ್ತಿಗೆ ಮಾಯವಾದರೆ ನೀವು ಕೀಲಿನ ಮೇಲೆ ತೂಗುತ್ತಿದ್ದೀರಿ, ಸ್ನಾಯುವಿನ ಮೇಲಲ್ಲ. ಕೈ ಬಗ್ಗಿಸದೆಯೇ ಭುಜವನ್ನು ಕಿವಿಯಿಂದ ಕೆಳಕ್ಕೆ ಎಳೆಯಿರಿ. ಬೆನ್ನಿನ ಎರಡು ಹಲಗೆ ಮೂಳೆಗಳು ಕೆಳಗೆ ಜಾರಿದಂತಾಗಿ ಕಂಕುಳಿನ ಹಿಂದೆ ಬಿಗಿ ತಿಳಿಯುತ್ತದೆ, ಮೈ ಒಂದಿಂಚು ಮೇಲೆದ್ದಂತಾಗುತ್ತದೆ. ಆ ಒಂದಿಂಚು ಸಿಕ್ಕಿತೆಂದರೆ ಭುಜ ಕೆಲಸ ಮಾಡುತ್ತಿದೆ ಎಂದರ್ಥ. ಯಾವ ಸುತ್ತಿಗೂ ಮೊದಲು ಇದು ಬೇಕು, ಎರಡೂ ಭುಜಕ್ಕೆ ಬೇಕು.

ಮೊದಲ ಸುತ್ತಾಗಿ ಫೈರ್‌ಮ್ಯಾನ್ ಸ್ಪಿನ್ ಕಲಿಯುವುದು ವಾಡಿಕೆ. ಕಂಬದ ಪಕ್ಕದಲ್ಲಿ ನಿಂತು, ಒಳಗೈ ತಲೆಗಿಂತ ಮೇಲೆ, ಹೊರಗೈ ಎದೆಮಟ್ಟಕ್ಕೆ. ಹೊರಗಾಲನ್ನು ಅಗಲವಾಗಿ ಬೀಸಿ ವೇಗ ಪಡೆದು, ಎರಡು ಮಂಡಿಗಳ ನಡುವೆ ಕಂಬವನ್ನು ಹಿಡಿದು ಸುತ್ತುತ್ತ ಇಳಿಯುವುದು. ಕಾಲು ನೆಲಕ್ಕೆ ತಾಗುವುದು ಮೆತ್ತಗಿರಬೇಕು. ಕೆಳಗಿನ ಮನೆಯವರಿಗೆ ಧಡ್ ಎಂದು ಕೇಳಿಸುತ್ತಿದ್ದರೆ ಕೈ ಬೇಗ ಬಿಡುತ್ತಿದ್ದೀರಿ ಎಂದು ತಿಳಿಯಿರಿ. ಸುತ್ತುಗಳಿಗೆ ದಪ್ಪ ಹಾಸು ಹಾಕಬೇಡಿ, ಪಾದ ಹೂತು ಹಿಮ್ಮಡಿ ಗಂಟು ಉಳುಕುತ್ತದೆ. ಏರಲು ಶುರು ಮಾಡಿದ ಮೇಲೆ ನಾಲ್ಕೈದು ಇಂಚಿನ ಕ್ರ್ಯಾಶ್ ಮ್ಯಾಟ್ ಬೇಕೇ ಬೇಕು. ಯೋಗದ ಚಾಪೆ, ಮಡಿಸಿದ ಕಂಬಳಿ ಅದರ ಕೆಲಸ ಮಾಡವು.

ಏರುವುದರಲ್ಲಿ ಕೈಯ ಪಾಲು ಕಡಿಮೆ, ಕಾಲಿನ ಪಾಲು ಹೆಚ್ಚು. ಒಂದು ಕಾಲಿನ ಪಾದದ ಮೇಲ್ಭಾಗವೂ ಮಂಡಿಯ ಕೆಳಗಿನ ಮುಂಭಾಗವೂ ಕಂಬಕ್ಕೆ ಒತ್ತಿರುತ್ತವೆ, ಇನ್ನೊಂದು ಕಾಲಿನ ಮೀನಖಂಡ ಎದುರಿನಿಂದ ಅದನ್ನು ಬಿಗಿಯುತ್ತದೆ. ಈ ಎರಡರ ನಡುವೆ ಕಂಬ ಸಿಕ್ಕಿಕೊಂಡಾಗ ನಿಂತುಕೊಳ್ಳಲು ಮೆಟ್ಟಿಲು ಸಿಕ್ಕಂತಾಗುತ್ತದೆ. ಮೊದಲು ಒಂದೇ ಹೆಜ್ಜೆ ಏರಿ, ಅಲ್ಲೇ ಐದು ಎಣಿಸಿ, ಅದೇ ದಾರಿಯಲ್ಲಿ ಇಳಿಯಿರಿ. ಸರ್‍ರನೆ ಜಾರಿ ಬಂದರೆ ಅದು ಇಳಿದದ್ದಲ್ಲ, ಬಿದ್ದದ್ದು. ಎರಡು ಹೆಜ್ಜೆಗೆ ಹೋಗುವುದು ಒಂದು ಹೆಜ್ಜೆಯಿಂದ ಹಿಡಿತದಲ್ಲಿ ಇಳಿಯಲು ಬಂದ ಮೇಲೆ.

ಕಂಬದ ಮೇಲೆ ತೊಡೆಗಳನ್ನು ಹೆಣೆದು ಕೂರುವ ಪೋಲ್ ಸಿಟ್ ಬಂದಾಗ ಹಲವರು ಬಿಟ್ಟುಬಿಡುತ್ತಾರೆ. ಒಳತೊಡೆಯ ಚರ್ಮ ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಇದು ಎಲ್ಲರಿಗೂ ಆಗುವಂಥದ್ದು, ನಿಮ್ಮ ದೇಹದ ದೋಷವಲ್ಲ. ಒಂದು ದಿನಕ್ಕೆ ಎರಡು ಮೂರು ಸಲ, ಕೆಲವೇ ಸೆಕೆಂಡು ಕೂತು ಎದ್ದುಬಿಡಿ. ಕೆಲವು ವಾರಗಳಲ್ಲಿ ಅದೇ ಜಾಗ ತಣ್ಣಗಾಗುತ್ತದೆ, ಒಂದು ದಿನ ಎರಡೂ ಕೈ ಬಿಟ್ಟು ಕೂತಿರುತ್ತೀರಿ. ಆ ದಿನದ ಸಂತೋಷ ಬೇರೆ ಯಾವ ವ್ಯಾಯಾಮದಲ್ಲೂ ನನಗೆ ಸಿಕ್ಕಿಲ್ಲ.

ನೀಲಿಗಟ್ಟಿದ ಕಲೆಗಳು ಒಳತೊಡೆ, ಪಾದದ ಮೇಲೆ, ಮಂಡಿಯ ಹಿಂದೆ ಬೀಳುತ್ತವೆ. ಐಸ್ ಇಟ್ಟರೆ ಸಾಕು, ತಾವಾಗಿ ಮಾಯುತ್ತವೆ. ಗಮನ ಕೊಡಬೇಕಾದ ನೋವು ಕೀಲಿನದು. ಭುಜದೊಳಗೆ ಚುಚ್ಚುವುದು, ಮೊಣಕೈಯ ಒಳಬದಿ ಹಿಡಿದಂತಾಗುವುದು, ಬೆರಳು ಜೋಮು ಹಿಡಿಯುವುದು ಕಂಡರೆ ಅಂದಿಗೆ ನಿಲ್ಲಿಸಿ. ವಾರವಾದರೂ ಹೋಗದಿದ್ದರೆ ಫಿಸಿಯೊಥೆರಪಿಸ್ಟರನ್ನು ಕಾಣಿ. ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಕಂಬ ಬೇಡ. ಕಂಬದಲ್ಲಿ ಎಳೆಯುವ ಕೆಲಸವೇ ಹೆಚ್ಚಾದ್ದರಿಂದ ಉಳಿದ ದಿನಗಳಲ್ಲಿ ದಂಡ ಹೊಡೆಯಿರಿ, ಬಸ್ಕಿ ತೆಗೆಯಿರಿ.

ತಲೆಕೆಳಗು, ಮತ್ತು ಬಾಗಿಲ ಚಿಲಕ

ಮನೆಯಲ್ಲಿ ಕಲಿಯುವ ಹೆಣ್ಣುಮಕ್ಕಳು ಸಂಕೋಚದಿಂದ ಕೋಣೆಯ ಚಿಲಕ ಹಾಕಿಕೊಳ್ಳುತ್ತಾರೆ. ಇದನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಬಿದ್ದು ಏಳಲಾಗದಿದ್ದರೆ ಹೊರಗಿನವರು ಬಾಗಿಲು ಒಡೆದು ಬರಬೇಕಾಗುತ್ತದೆ. ಪರದೆ ಎಳೆದುಕೊಳ್ಳಿ, ಬಾಗಿಲು ಮುಂದಕ್ಕೆ ಹಾಕಿ, ಚಿಲಕ ಬೇಡ. ಫೋನು ನೆಲದಲ್ಲಿ, ಕೈಗೆಟುಕುವಲ್ಲಿ, ಆದರೆ ಬೀಳುವ ಜಾಗದ ಹೊರಗಿರಲಿ. ಮಂಗಳೂರಿನ ಪರಿಚಯದ ಮನೆಯೊಂದರಲ್ಲಿ ಕಂಬ ಬಂದ ದಿನ ಅತ್ತೆ, "ಇದೆಂಥದು ಮಾರಾಯ್ತಿ, ಮನೆ ನಡುವಲ್ಲಿ?" ಎಂದು ಕೇಳಿದ್ದರಂತೆ. "ವ್ಯಾಯಾಮಕ್ಕೆ ಅತ್ತೆ. ನೀವು ಹೊರಗೆ ಕೂತು ಆಗಾಗ ನನ್ನನ್ನು ಕರೀಬೇಕು" ಎಂದಳು ಸೊಸೆ. ಈಗ ಅತ್ತೆ ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ "ಉಂಟಾ?" ಎಂದು ಕೂಗುತ್ತಾರೆ, ಒಳಗಿನಿಂದ "ಉಂಟು ಅತ್ತೆ" ಎಂಬ ಉತ್ತರ ಬರುತ್ತದೆ. ಒಂಟಿಯಾಗಿ ಇರುವವರು ಗೆಳತಿಗೆ ಶುರು ಮಾಡುವಾಗ ಒಂದು ಸಂದೇಶ, ಮುಗಿಸಿದಾಗ ಒಂದು ಸಂದೇಶ ಕಳಿಸುವ ರೂಢಿ ಇಟ್ಟುಕೊಳ್ಳಲಿ.

ತಲೆಕೆಳಗಾಗುವ ಇನ್‌ವರ್ಟ್ ಬಗ್ಗೆ ನಾನು ಕಟ್ಟುನಿಟ್ಟು. ನೆಲದಿಂದ ಜಿಗಿಯದೆ, ಒದೆಯದೆ, ಎರಡೂ ಮಂಡಿಗಳನ್ನು ಎದೆಗೆ ಎಳೆದು ಐದು ಸೆಕೆಂಡು ತೂಗಲು ಎರಡೂ ಬದಿಯಲ್ಲಿ ಬರುವವರೆಗೆ ಅದರ ಗೊಡವೆ ಬೇಡ. ಜಿಗಿದು ಏರಿದವರಿಗೆ ನಿಧಾನವಾಗಿ ಇಳಿಯುವ ಬಲ ಇರುವುದಿಲ್ಲ, ಮತ್ತು ಇಲ್ಲಿ ಮೊದಲು ನೆಲ ಮುಟ್ಟುವುದು ತಲೆ, ಕುತ್ತಿಗೆ. ಗಂಡನನ್ನೋ ತಂಗಿಯನ್ನೋ ಹಿಡಿಯಲು ನಿಲ್ಲಿಸಿಕೊಂಡರೆ ಸಾಲದು, ಎಲ್ಲಿ ಕೈ ಕೊಡಬೇಕೆಂದು ತಿಳಿಯದವರಿಗೂ ಪೆಟ್ಟಾಗುತ್ತದೆ. ಈ ಒಂದು ಪಾಠಕ್ಕಾದರೂ ತರಗತಿ ಇರುವ ಊರಿಗೆ ಹೋಗಿ ಬನ್ನಿ.

ಅಷ್ಟರವರೆಗಿನ ತಿಂಗಳುಗಳಲ್ಲಿ ಮಾಡಲು ಬೇಕಾದಷ್ಟಿದೆ. ಫೋನನ್ನು ಗೋಡೆಗೆ ಒರಗಿಸಿ ಪ್ರತಿ ವಾರ ಒಂದೇ ಸುತ್ತನ್ನು ಚಿತ್ರಿಸಿಡಿ. ಮನೆಯಲ್ಲಿ "ಚೆನ್ನಾಗಾಯಿತು" ಎನ್ನುವವರಿಲ್ಲದಾಗ ಎರಡು ತಿಂಗಳ ಹಿಂದಿನ ವಿಡಿಯೊ ಆ ಮಾತು ಹೇಳುತ್ತದೆ. ಇಷ್ಟದ ಕನ್ನಡ ಹಾಡೊಂದನ್ನು ಹಚ್ಚಿ, ಬರುವ ಮೂರೇ ಚಲನೆಗಳನ್ನು ಅದರ ಲಯಕ್ಕೆ ಜೋಡಿಸಿ. ನಡಿಗೆ, ಒಂದು ಸುತ್ತು, ನೆಲದ ಮೇಲೆ ಹೊರಳಿ ಏಳುವುದು, ಇಷ್ಟರಲ್ಲೇ ನೃತ್ಯ ಆಗುತ್ತದೆ. ಬಲಗೈಯವರು ಎಡಬದಿಯಿಂದ ಶುರು ಮಾಡಿ. ದಣಿದ ಮೇಲೆ ಎಡಬದಿ ಎಂದುಕೊಂಡರೆ ಅದು ಎಂದೂ ಆಗುವುದಿಲ್ಲ, ಒಂದು ವರ್ಷದಲ್ಲಿ ಒಂದು ಭುಜ ಇನ್ನೊಂದಕ್ಕಿಂತ ಮೇಲೆ ನಿಂತಿರುತ್ತದೆ.

ವರ್ಷಕ್ಕೆ ಒಂದೆರಡು ಬಾರಿ ಬೆಂಗಳೂರಿಗೆ ಹೋಗುವ ಕೆಲಸ ಬಂದಾಗ ಅಲ್ಲಿನ ತರಗತಿಯೊಂದರಲ್ಲಿ ಒಂದು ಗಂಟೆಗೆ ಹೆಸರು ಬರೆಸಿ. ಹೊಸ ಭಂಗಿ ಕಲಿಸಿ ಎಂದು ಕೇಳಬೇಡಿ. ನಿಮ್ಮ ಏರುವಿಕೆ, ಇಳಿಯುವಿಕೆ, ಎಡಬದಿಯ ಸುತ್ತು ತೋರಿಸಿ, ಭುಜ ಸರಿಯಿದೆಯೇ, ಮಣಿಕಟ್ಟು ಬಾಗುತ್ತಿದೆಯೇ ನೋಡಿ ಹೇಳಿ ಎಂದು ಕೇಳಿ. ಅವರು ತಿದ್ದಿದ್ದನ್ನು ಅಂದೇ ಬರೆದಿಟ್ಟುಕೊಂಡು ಬನ್ನಿ.